ಕೆಂಪು ಬಣ್ಣ ಹಾಕಿದ ಮ್ಯಾಪು
ಈ ಮಳೆಗಾಲ ಪೂರ್ತಿ ಉಡುಪಿ-ಮಂಗಳೂರು ಬಸ್ಸಲ್ಲಿ ಕೂತು ಮೊಬೈಲಲ್ಲಿ ಅಮೆರಿಕದ ವರ್ಣಭೇದದ ಬಗ್ಗೆ ಪ್ರಬಂಧಗಳನ್ನು ಓದ್ತಾ ಇದ್ದೇನೆ. ಶುರು ಮಾಡಿದ್ದು ಅಲ್ಲಿಯ ಕಪ್ಪು ಲೇಖಕ ಟಾ-ನೆಹಸಿ ಕೋಟ್ಸ್ 2014ರಲ್ಲಿ, ಕಪ್ಪು ಜನರಿಗೆ ಆದ ಅನ್ಯಾಯಕ್ಕೆ ಪರಿಹಾರ ಕೊಡುವ ಬಗ್ಗೆ ಬರೆದ ಉದ್ದ ಲೇಖನದಿಂದ, ಗುಲಾಮಗಿರಿ ಕಥೆ ಅಂತ ಓದ್ಲಿಕ್ಕೆ ಕೂತ್ರೆ ಅದು ಸೀದಾ ಶಿಕಾಗೋದ ಮನೆ ಸಾಲಕ್ಕೆ ಬಂದು ನಿಲ್ತದೆ.

1930ರ ದಶಕದಲ್ಲಿ ಅಲ್ಲಿಯ ಸರಕಾರಿ ಸಂಸ್ಥೆಯೊಂದು ನಗರಗಳ ಮ್ಯಾಪ್ ಮಾಡಿ ಕಪ್ಪು ಜನ ಇರುವ ಏರಿಯಾಗಳಿಗೆ ಕೆಂಪು ಬಣ್ಣ ಹಾಕಿತ್ತು, ಅಪಾಯಕಾರಿ ಅಂತ. 1934ರಲ್ಲಿ ಶುರುವಾದ ಫೆಡರಲ್ ಹೌಸಿಂಗ್ ಅಡ್ಮಿನಿಸ್ಟ್ರೇಶನ್ ಎನ್ನುವ ಸರಕಾರಿ ಸಂಸ್ಥೆ ಅಂಥ ಕಡೆಯ ಮನೆ ಲೋನಿಗೆ ಇನ್ಶೂರೆನ್ಸ್ ಕೊಡ್ತಿರಲಿಲ್ಲ, ಇನ್ಶೂರೆನ್ಸ್ ಇಲ್ಲದೆ ಬ್ಯಾಂಕಿನವರು ಲೋನ್ ಕೊಡ್ಲಿಕ್ಕೆ ಹಿಂಜರಿತಿದ್ರು. ಲೋನ್ ಇಲ್ಲಾಂದ್ರೆ ಸ್ವಂತ ಮನೆ ಇಲ್ಲ, ಮನೆ ಇಲ್ಲಾಂದ್ರೆ ಮಕ್ಕಳಿಗೆ ಬಿಟ್ಟು ಹೋಗ್ಲಿಕ್ಕೆ ಏನೂ ಇಲ್ಲ, ಮತ್ತೆ ಅಲ್ಲಿ ಶಾಲೆಗೆ ದುಡ್ಡು ಬಹಳಷ್ಟು ಬರುವುದು ಆಸ್ತಿ ತೆರಿಗೆಯಿಂದ, ಹಾಗಾಗಿ ಶಾಲೆಯೂ ಬಡವೇ. 1968ರಲ್ಲಿ ಕಾನೂನು ಬಂದು ಇದಕ್ಕೆ ನಿಷೇಧ ಹಾಕಿದ್ರೂ ಅಷ್ಟು ವರ್ಷದ ನಷ್ಟ ಯಾರು ತುಂಬಿ ಕೊಡ್ತಾರೆ ಮಾರಾಯ್ರೆ?

ಓದ್ತಾ ಓದ್ತಾ ನಮ್ಮೂರೇ ಕಣ್ಣೆದುರು ಬರ್ತದೆ. ಕುದ್ಮುಲ್ ರಂಗರಾಯರು 19ನೇ ಶತಮಾನದಲ್ಲೇ ಮಂಗಳೂರಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದಿದ್ರು, ಆದ್ರೆ ಇಲ್ಲಿಯ ಕೊರಗ ಬುಡಕಟ್ಟಿನವರನ್ನು ಕೀಳಾಗಿ ಕಂಡು, ಕೂದಲು, ಉಗುರು ಬೆರೆಸಿದ ಊಟ ತಿನ್ನಿಸುವ ಅಜಲು ಪದ್ಧತಿ ನಿಷೇಧಕ್ಕೆ ಕಾನೂನು ಬರ್ಲಿಕ್ಕೆ 2000 ಆಗ್ಬೇಕಾಯ್ತು.

ಹೋದ ವರ್ಷ ಫ್ರೆಂಡ್ ಜೊತೆ ಬಾಡಿಗೆ ಮನೆ ನೋಡ್ಲಿಕ್ಕೆ ಹೋಗಿದ್ದೆ. ಓನರ್ ಬಾಗಿಲಲ್ಲೇ "ನೀವು ಯಾವ ಜನ?" ಅಂತ ಕೇಳಿದ್ರು, ಅವಳು ಹೇಳಿದ್ಲು, ಹೊರಗೆ ತೆಗೆದಿದ್ದ ಕೀ ಗೊಂಚಲು ಪುನಃ ಕಿಸೆಗೆ ಹೋಯ್ತು. ಮೊನ್ನೆ ಅವಳಿಗೂ ಆ ಲೇಖನ ಕಳ್ಸಿದೆ. ರಾತ್ರಿ ಫೋನ್ ಮಾಡಿ "ಆ ಕೀ ನೆನಪುಂಟಾ ನಿಂಗೆ?" ಅಂತ ಕೇಳಿದ್ಲು.