ಇಂಗ್ಲಿಷ್ ಮೇಡಂ ಮತ್ತು ವಾಕ್ಯದ ಅಚ್ಚು

ನಮ್ಮ ಇಂಗ್ಲಿಷ್ ಮೇಡಂ ಒಂದು ದಿನ ಬೋರ್ಡ್ ಮೇಲೆ "ಶಿ ಮಿಬ್ಡ್ ಹಿಮ್ ಎ ಪೆನ್" ಅಂತ ಬರೆದು ಏನಾಯ್ತು ಹೇಳಿ ಅಂದ್ರು. ಮಿಬ್ ಅನ್ನೋದು ಅವರೇ ಆಗ ಹುಟ್ಟಿಸಿದ ವರ್ಬ್, ಆದ್ರೂ ಹಿಂದಿನ ಬೆಂಚಿನವರೂ ಸೇರಿ ಎಲ್ರೂ ಹೇಳಿದ್ದು ಒಂದೇ, ಅವಳು ಅವನಿಗೆ ಪೆನ್ ಕೊಟ್ಲು ಮೇಡಂ. ವರ್ಬ್ ಆದ್ಮೇಲೆ ಒಬ್ಬ ವ್ಯಕ್ತಿ, ಆಮೇಲೆ ಒಂದು ವಸ್ತು ಬಂತು ಅಂದ್ರೆ ವಸ್ತು ಕೈ ಬದಲಾಯಿಸೋ ಅರ್ಥ ಆ ಜೋಡಣೆಯಲ್ಲೇ ಕೂತಿರುತ್ತೆ ಅಂತ ಅವತ್ತು ಗೊತ್ತಾಯ್ತು. ಅದಕ್ಕೇ "ಐ ಸೆಂಟ್ ರವಿ ಎ ಪಾರ್ಸೆಲ್" ಸರಿ, "ಐ ಸೆಂಟ್ ಲಂಡನ್ ಎ ಪಾರ್ಸೆಲ್" ಸರಿಯಿಲ್ಲ, ಊರು ಕೈ ಚಾಚಿ ಇಸ್ಕೊಳ್ಳಲ್ವಲ್ಲ. (ಲಂಡನ್ ಅಂದ್ರೆ ಅಲ್ಲಿನ ಆಫೀಸಿನವರು ಅಂತಾದ್ರೆ ನಡೆಯುತ್ತೆ!) ಅಡೆಲ್ ಗೋಲ್ಡ್‌ಬರ್ಗ್ ಅನ್ನೋ ಭಾಷಾವಿಜ್ಞಾನಿ 1995ರಲ್ಲಿ ಇದನ್ನೇ ದೊಡ್ಡದಾಗಿ ವಾದ ಮಾಡಿದ್ದಾರೆ ಅಂತ ಎಷ್ಟೋ ವರ್ಷ ಆದ್ಮೇಲೆ ಓದಿದೆ.

ನಮಗೆ ಕಷ್ಟ ಆಗೋದು ಯಾಕಂದ್ರೆ ಕನ್ನಡದಲ್ಲಿ ಈ ಕೆಲಸ ಪ್ರತ್ಯಯ ಮಾಡುತ್ತೆ. ನಾಯಿ ಬೆಕ್ಕನ್ನ ಓಡಿಸ್ತು ಅನ್ನಿ, ಬೆಕ್ಕನ್ನ ನಾಯಿ ಓಡಿಸ್ತು ಅನ್ನಿ, ಓಡಿದ್ದು ಬೆಕ್ಕೇ. ಇಂಗ್ಲಿಷಲ್ಲಿ ಜಾಗ ಬದಲಾದ್ರೆ ನಾಯಿ ಓಡಬೇಕಾಗುತ್ತೆ, ಹಾಗಾಗಿ ಪದ ಎಲ್ಲಿದೆ ಅಂತ ನೋಡೋ ಅಭ್ಯಾಸ ನಾವು ಹೊಸದಾಗಿ ಮಾಡ್ಕೋಬೇಕು.

ಇನ್ನೊಂದು, ಗಿವ್ ಮಿ, ಟೆಲ್ ಮಿ, ಶೋ ಮಿ ಎಲ್ಲ ಇದೆ, ಎಕ್ಸ್‌ಪ್ಲೇನ್ ಮಿ, ಸಜೆಸ್ಟ್ ಮಿ ಯಾಕಿಲ್ಲ ಅಂತ ನಾವು ಜಗಳಕ್ಕೇ ನಿಂತಿದ್ವಿ. ಮೇಡಂ ಬೈಲಿಲ್ಲ, ವರ್ಬ್‌ಗಳನ್ನ ಜೋರಾಗಿ ಓದಿಸಿದ್ರು. ಈ ಅಚ್ಚಿಗೆ ಕೂರೋವು ಹೆಚ್ಚಾಗಿ ಒಂದೇ ಸಿಲಬಲ್ಲಿನವು ಅಥವಾ ಆಫರ್, ಪ್ರಾಮಿಸ್ ಥರ ಮೊದಲ ಸಿಲಬಲ್ ಮೇಲೆ ಒತ್ತು ಬೀಳೋವು, ಲ್ಯಾಟಿನ್ ಮೂಲದಿಂದ ಬಂದ ಉದ್ದನೆಯ ವರ್ಬ್‌ಗಳು ಬಹುತೇಕ "ಎಕ್ಸ್‌ಪ್ಲೇನ್ ಇಟ್ ಟು ಮಿ" ಥರ ವ್ಯಕ್ತಿಯ ಮುಂದೆ ಟು ಕೇಳ್ತವೆ. ಪೂರ್ತಿ ನಿಯಮ ಅಲ್ಲ, ಆದ್ರೆ ಕಿವಿಗೆ ಒಂದು ಆಧಾರ ಸಿಕ್ತು, ನನ್ನ ಪ್ರಕಾರ ಗ್ರಾಮರ್‌ನ ಹೀಗೇ ಕಲಿಸಬೇಕು.

"ಹಿ ಸ್ಟಾಪ್ಡ್ ಸ್ಮೋಕಿಂಗ್" ಅಂದ್ರೆ ಚಟ ಬಿಟ್ಟ, "ಹಿ ಸ್ಟಾಪ್ಡ್ ಟು ಸ್ಮೋಕ್" ಅಂದ್ರೆ ಸೇದೋಕೇ ಅಂತ ನಿಂತ, ಇದನ್ನೂ ಅವರೇ ತೋರಿಸಿದ್ದು. ಜಪಾನಿನಲ್ಲಿ ಇಂಗ್ಲಿಷ್ ಕಲಿಸಿದ ಎ. ಎಸ್. ಹಾರ್ನ್‌ಬಿ 1954ರಲ್ಲೇ 25 ವರ್ಬ್ ಪ್ಯಾಟರ್ನ್, ಅಂದ್ರೆ ವರ್ಬ್ ಆದ್ಮೇಲೆ ಏನೇನು ಹೇಗೆ ಬರುತ್ತೆ ಅನ್ನೋ ಅಚ್ಚುಗಳ ಪಟ್ಟಿ ಮಾಡಿದ್ರಂತೆ, ಮೇಡಂ ಅದನ್ನ ಬಾಯಿಪಾಠ ಮಾಡಿಸಲಿಲ್ಲ. ಹೊಸ ವರ್ಬ್ ಸಿಕ್ಕಿದ್ರೆ ಅರ್ಥ ಮಾತ್ರ ಬರ್ಕೋಬೇಡಿ, ಅದು ಬಂದ ಇಡೀ ವಾಕ್ಯ ಬರ್ಕೊಳ್ಳಿ ಅಂತಿದ್ರು, ನೋಟ್ಸ್ ತಗೊಂಡು ಚೆಕ್ ಕೂಡ ಮಾಡ್ತಿದ್ರು. ಈಗ ಓದ್ತಿರೋ ತಮ್ಮ ತಂಗಿಯರು ಒಂದು ತಿಂಗಳು ಹಾಗೆ ಬರೆದು ನೋಡಿ.