ಬಿಸಿ ಎಲ್ಲಿಗೆ ಹೋಯ್ತು ಮಾರಾಯ?

ನಮ್ಮ ವಿಜ್ಞಾನದ ಮಾಸ್ಟ್ರು ಕಳೆದ ತಿಂಗಳು ತೀರಿಕೊಂಡರು. ಸುದ್ದಿ ಬಂದಾಗ ನಾನು ಮಲ್ಪೆಯ ನಮ್ಮ ಐಸ್ ಪ್ಲಾಂಟಿನಲ್ಲಿದ್ದೆ. ಬೋಟುಗಳಿಗೆ ಐಸ್ ತುಂಬಿಸುವ ಹೊತ್ತು. ಕೆಲಸ ಹುಡುಗರಿಗೆ ಬಿಟ್ಟು ಹೊರಗೆ ಬಂದು ನಿಂತೆ.

ಒಂಬತ್ತನೇ ತರಗತಿಯಲ್ಲಿ ಏನೇನು ಪಾಠ ಆಯಿತೋ, ಈಗ ನೆನಪಿಲ್ಲ. ಒಂದು ಐಸ್ ಗಡ್ಡೆ ಮಾತ್ರ ಚೆನ್ನಾಗಿ ನೆನಪಿದೆ. ಬಂದರಿನ ಹತ್ತಿರ ಮನೆಯಿದ್ದ ನಾವು ಮೂವರು ಲಾರಿಯಿಂದ ಬಿದ್ದ ತುಂಡೊಂದನ್ನು ಮರದ ಹುಡಿ ಹಾಕಿ ಗೋಣಿಯಲ್ಲಿ ಸುತ್ತಿ ಶಾಲೆಗೆ ತಂದೆವು. ಸ್ವಲ್ಪ ಒಡೆದು ಕನ್ನಡ ಪಂಡಿತರ ಕುರ್ಚಿಯ ಮೆತ್ತೆಯೊಳಗೆ ತುರುಕಿದೆವು. ಅವರು ಕೂತು ಹತ್ತು ನಿಮಿಷ ಪದ್ಯ ಓದಿದರು. ಎದ್ದಾಗ ಪಂಚೆ ಒದ್ದೆ. ತರಗತಿಯೆಲ್ಲ ನಕ್ಕಿತು. ಅವರು ಒಂದು ಮಾತೂ ಆಡದೆ ಹೊರಗೆ ಹೋದರು. ಮರುದಿನ ಕ್ಷಮೆ ಕೇಳಿದೆವು, ಆದರೂ ಆ ನಡಿಗೆ ನನಗೆ ಇವತ್ತಿಗೂ ಮರೆತಿಲ್ಲ.

ವಿಜ್ಞಾನದ ಮಾಸ್ಟ್ರು ಬೆತ್ತ ತೆಗೆಯಲಿಲ್ಲ. ಗೋಣಿಯಲ್ಲಿ ಉಳಿದಿದ್ದ ಐಸನ್ನು ಪುಡಿ ಮಾಡಿಸಿ, ಸ್ಪಿರಿಟ್ ದೀಪದ ಮೇಲಿಟ್ಟು, ಥರ್ಮಾಮೀಟರ್ ನನ್ನ ಕೈಗೆ ಕೊಟ್ಟರು. ಕಲಕುತ್ತಾ ಇರು, ನಿಮಿಷಕ್ಕೊಮ್ಮೆ ನೋಡಿ ಬರಿ ಎಂದರು. ಬರೆದೆ. ಸೊನ್ನೆ. ಮತ್ತೆ ಸೊನ್ನೆ. ದೀಪ ಉರಿಯುತ್ತಲೇ ಇದೆ, ಐಸ್ ನೀರಾಗುತ್ತಿದೆ, ಪಾದರಸ ಮಾತ್ರ ಮೇಲೇರುವುದಿಲ್ಲ.

"ಇದು ಹಾಳಾಗಿದೆ ಸರ್" ಎಂದೆ.

"ಹಾಳಾದದ್ದಲ್ಲ. ದೀಪದ ಬಿಸಿ ಎಲ್ಲಿಗೆ ಹೋಯ್ತು ಮಾರಾಯ? ನಾಳೆ ಹೇಳು."

ಆ ರಾತ್ರಿ ನಿದ್ದೆ ಬರಲಿಲ್ಲ. ಮರುದಿನ "ಐಸನ್ನು ಬಿಡಿಸಲಿಕ್ಕೇ ಖರ್ಚಾಯ್ತು ಸರ್" ಎಂದೆ. ಇಡೀ ತರಗತಿಯಲ್ಲಿ ಹಾಗೆ ಹೇಳಿದವನು ನಾನೊಬ್ಬನೇ. ಅವರ ಮುಖ ಅರಳಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಗಟ್ಟಿಯಾಗಿ ಹಿಡಿದುಕೊಂಡ ಕಣಗಳನ್ನು ಸಡಿಲಿಸಲು ಒಂದು ಗ್ರಾಂ ಐಸಿಗೆ 80 ಕ್ಯಾಲೊರಿ ಬೇಕು. ಅಷ್ಟೇ ಬಿಸಿಗೆ ಸೊನ್ನೆ ಡಿಗ್ರಿಯ ನೀರು 80 ಡಿಗ್ರಿಗೆ ಏರುತ್ತದೆ! ಕುದಿಯುವ ನೀರು ಆವಿಯಾಗಲು 540 ಬೇಕು. ಆವಿ ಮತ್ತೆ ನೀರಾಗುವಾಗ ಆ ಬಿಸಿಯನ್ನೆಲ್ಲ ಬಿಟ್ಟುಕೊಡುತ್ತದೆ. ಮೂಡೆ ಕಡುಬು ಬೇಯಿಸುವಾಗ ಮುಚ್ಚಳ ತೆಗೆದರೆ ಕೈ ಅಷ್ಟು ಸುಡುವುದು ಅದಕ್ಕೇ. ಗುಪ್ತೋಷ್ಣ ಎಂಬ ಹೆಸರನ್ನು ಅವರು ಕೊನೆಗೆ ಹೇಳಿದರು.

ನನ್ನ ಮಗಳ ಶಾಲೆಯಲ್ಲಿ ಐಸ್ ಪರದೆಯ ಮೇಲೆ ಅರ್ಧ ನಿಮಿಷದಲ್ಲಿ ಕರಗುತ್ತದೆ. 80 ಕ್ಯಾಲೊರಿ ಅವಳಿಗೂ ಬಾಯಿಪಾಠ, ಅಂಕವೂ ಪೂರ್ತಿ. ಆದರೆ ಡಿಸೆಂಬರಿನ ಬೆಳಿಗ್ಗೆ ಬಾಟಲಿಯ ತೆಂಗಿನೆಣ್ಣೆ ಗಟ್ಟಿಯಾದದ್ದು ನೋಡಿ "ಹಾಳಾಗಿದೆ ಅಪ್ಪ" ಎಂದಳು. 24 ಡಿಗ್ರಿಯ ಆಸುಪಾಸಿನಲ್ಲಿ ಅದು ಗಟ್ಟಿಯಾಗುವುದನ್ನು ಯಾರೂ ಅವಳಿಗೆ ತೋರಿಸಿಲ್ಲ. ಅಂಗಳದ ಬಿಸಿಲಲ್ಲಿ ಬಾಟಲಿ ಕೊಟ್ಟು ಕೂರಿಸಿದೆ. ಮಕ್ಕಳನ್ನು ಸುಮ್ನೆ ಕಾಯಿಸುವಷ್ಟು ಪುರುಸೊತ್ತು ಈಗ ಶಾಲೆಗಳಿಗಿಲ್ಲ, ಅಲ್ವಾ?

ಎರಡು ವರ್ಷದ ಹಿಂದೆ ಮಾಸ್ಟ್ರು ನಮ್ಮ ಪ್ಲಾಂಟಿಗೆ ಬಂದಿದ್ದರು. ನಾನೇ ನಿಂತು ಕಟ್ಟಿಸಿದ್ದನ್ನೆಲ್ಲ ತೋರಿಸಿದೆ. ತೊಟ್ಟಿಯ ಹತ್ತಿರ ನಿಂತು ಕೇಳಿದರು: "ಡಬ್ಬದೊಳಗಿನ ನೀರು ಗಡ್ಡೆ ಕಟ್ಟಿದೆ. ಸುತ್ತಲಿನ ಉಪ್ಪುನೀರು ಯಾಕೆ ಕಟ್ಟಿಲ್ಲ?"

ಉಪ್ಪು ಸೇರಿದರೆ ನೀರು ಸೊನ್ನೆಗಿಂತ ಎಷ್ಟೋ ಕೆಳಗೆ ಹೋದರೂ ಹೆಪ್ಪುಗಟ್ಟುವುದಿಲ್ಲ ಸರ್ ಎಂದೆ.

"ಸರಿ, ಕೂತ್ಕೋ" ಎಂದರು. ಅಲ್ಲಿ ಕೂರಲಿಕ್ಕೆ ಬೆಂಚೇ ಇರಲಿಲ್ಲ. ಇಬ್ಬರೂ ನಕ್ಕೆವು.