ಕೈಗಾ ಬ್ಲಾಸ್ಟ್ ಆದ್ರೆ ಮೂಡಿಗೆರೆ ಉಳಿಯುತ್ತಾ ಅಂತ ಕೇಳೋರಿಗೆಲ್ಲ ಒಂದೇ ಸಲ ಉತ್ತರ

ಕಾರವಾರದ ಹತ್ರದ ಕೈಗಾ ಅಣು ವಿದ್ಯುತ್ ಸ್ಥಾವರದಲ್ಲಿ 11 ವರ್ಷ ಕೆಲಸ ಮಾಡಿ ಊರಿಗೆ ವಾಪಸ್ ಬಂದಿದ್ದೀನಿ. ಮದುವೆ, ಗೃಹಪ್ರವೇಶ, ತಿಥಿ, ಎಲ್ಲಿ ಹೋದ್ರೂ ಯಾರಾದ್ರೂ ಒಬ್ರು ಪಕ್ಕಕ್ಕೆ ಬಂದು ಕೂತು ಇದನ್ನೇ ಕೇಳ್ತಾರೆ. ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಬರೆದಿಡ್ತಿದ್ದೀನಿ, ಇನ್ಮೇಲೆ ಕೇಳಿದೋರಿಗೆ ಇದನ್ನೇ ಕಳಿಸ್ತೀನಿ.

ಮೊನ್ನೆ ಬೀಗರೂಟದಲ್ಲಂತೂ ದೊಡ್ಡಪ್ಪ ಒಬ್ರು ನಾಲ್ಕೆಲೆ ಆಚೆಯಿಂದ ಕೂಗಿದ್ರು, "ಏನ್ಲಾ, ಬಾಂಬ್ ಫ್ಯಾಕ್ಟ್ರಿ ಬಿಟ್ ಬಂದ್ಯಂತೆ, ಒಳ್ಳೇದಾಯ್ತು ಬಿಡು!" ಪಂಕ್ತಿಯೆಲ್ಲ ನಕ್ಕಿತು. ನಂಗೆ ಮುದ್ದೆ ಗಂಟಲಲ್ಲಿ ಇಳೀಲಿಲ್ಲ. "ಬಾಂಬಿಗೆ ಹಾಕೋ ಯುರೇನಿಯಮ್ಮೇ ಬೇರೆ ದೊಡ್ಡಪ್ಪ" ಅಂದೆ. "ಅದೆಲ್ಲ ಇರ್ಲಿ, ಯಾವನಾದ್ರೂ ತಪ್ಪು ಬಟನ್ ಒತ್ತಿದ್ರೆ ಢಂ ಅನ್ನಲ್ವಾ?"

ಅನ್ನಲ್ಲ. ಗಣಿಯಿಂದ ಬರೋ ಯುರೇನಿಯಂನಲ್ಲಿ ಸುಲಭವಾಗಿ ಒಡೆಯೋ ಜಾತಿ, ಅಂದ್ರೆ ಯುರೇನಿಯಂ-235, ಇರೋದೇ 0.7 ಪರ್ಸೆಂಟ್, ಬಾಂಬಿಗೆ ಅದು 90ರ ಹತ್ರ ಬೇಕು. ಕೈಗಾದಲ್ಲಿ ಹಾಕೋದು ಆ 0.7ರದ್ದೇ. ಅರ್ಧ ಮೀಟರ್ ಉದ್ದದ 19 ಕೊಳವೆ ಸೇರಿಸಿ ಕಟ್ಟಿದ ಒಂದು ಕಟ್ಟು, ಹೊಸದಾಗಿದ್ದಾಗ ಗ್ಲೌಸ್ ಹಾಕ್ಕೊಂಡು ಕೈಯಲ್ಲೇ ಎತ್ತಬಹುದು, ಎಳೇ ಮಗು ಎತ್ಕೊಂಡ ಹಾಗೆ ಎರಡೂ ಕೈ ಕೊಟ್ಟು ಎತ್ತೋದು. ಅದೇ ಕಟ್ಟು ಒಳಗೆ ಉರಿದು ಹೊರಗೆ ಬರುವಾಗ ಹತ್ರ ಸುಳಿಯೋ ಹಾಗಿಲ್ಲ, ಮೆಷಿನ್ನೇ ಹಿಡಿದು ತಂದು ನೀರಿನ ಕೊಳದೊಳಗೆ ಬಿಡುತ್ತೆ.

ಒಳಗೆ ನಡೆಯೋದಿಷ್ಟೇ. ಒಂದು ನ್ಯೂಟ್ರಾನ್ ಬಡಿದು ಪರಮಾಣು ಒಡೆಯುತ್ತೆ, ಬಿಸಿ ಬರುತ್ತೆ, ಇನ್ನೆರಡು ಮೂರು ನ್ಯೂಟ್ರಾನ್ ಹಾರುತ್ತವೆ. ಅವು ಮುಂದಿನ ಪರಮಾಣು ಒಡೀಬೇಕಾದ್ರೆ ಓಟ ನಿಧಾನ ಆಗ್ಬೇಕು, ಅದಕ್ಕೆ ಭಾರಜಲ (ಭಾರವಾದ ಹೈಡ್ರೋಜನ್ ಇರೋ ನೀರು) ಇರುತ್ತೆ, ಅದಿಲ್ಲ ಅಂದ್ರೆ ಈ ಇಂಧನ ಹತ್ತೋದೇ ಇಲ್ಲ. ಬಿಸಿಯಿಂದ ಆವಿ, ಆವಿಯಿಂದ ಟರ್ಬೈನು, ಅಲ್ಲಿಂದ ಮುಂದೆ ರಾಯಚೂರಿನ ಕಲ್ಲಿದ್ದಲು ಸ್ಥಾವರದಲ್ಲೂ ಅದೇ. ನಿಲ್ಲಿಸಬೇಕಾದ್ರೆ ಮೇಲೆ ಹಿಡಿದಿಟ್ಟಿರೋ ಸರಳುಗಳನ್ನ ಬಿಟ್ರೆ ಸಾಕು, ತಮ್ಮ ಭಾರಕ್ಕೆ ತಾವೇ ಬಿದ್ದು ನ್ಯೂಟ್ರಾನ್ ನುಂಗ್ತಾವೆ.

ಉಪಯೋಗ ಏನು ಅಂತಾನೂ ಕೇಳ್ತಾರೆ. ನಾಲ್ಕು ಘಟಕ, ಒಂದೊಂದು 220 ಮೆಗಾವ್ಯಾಟ್. ಮೊದಲನೇದು 2018ರ ಕೊನೆ ದಿನದವರೆಗೆ 962 ದಿನ ಒಂದೇ ಸಮ ಓಡಿತು, ಆಗ ಅದು ವಿಶ್ವದಾಖಲೆ. ದೇಶದ ಕರೆಂಟಲ್ಲಿ ಅಣುವಿನ ಪಾಲು 3 ಪರ್ಸೆಂಟ್ ಆಸುಪಾಸು ಅಷ್ಟೇ, ಒಪ್ತೀನಿ, ಆದ್ರೆ ಮಳೆ ಕೈಕೊಟ್ಟು ಲಿಂಗನಮಕ್ಕಿ ಇಳಿದ ವರ್ಷ ರಾತ್ರಿ ಹಗಲು ಅಲ್ಲಾಡದೆ ಬರೋ 880ಕ್ಕೆ ಎಷ್ಟು ಬೆಲೆ ಅಂತ ಲೋಡ್ ಶೆಡ್ಡಿಂಗಲ್ಲಿ ಮೋಟ್ರು ಕಾಯ್ದೋರಿಗೆ ಗೊತ್ತು.

ಹಾಗಂತ ಭಯಾನೇ ಬೇಡ ಅಂತ ನಾನು ಹೇಳ್ತಿಲ್ಲ. ಭಯ ಪಡ್ಬೇಕಾದ ಜಾಗ ಬೇರೆ ಇದೆ, ಅದನ್ನ ಈವರೆಗೆ ಒಬ್ರೂ ಕೇಳಿಲ್ಲ. ಸರಳು ಬಿದ್ದು ಎಲ್ಲ ನಿಂತ ಮೇಲೂ ಬಿಸಿ ನಿಲ್ಲಲ್ಲ! ಹಂಡೆ ಒಲೆಯಿಂದ ಸೌದೆ ಎಳೆದ್ರೂ ಕೆಂಡ ಇರುತ್ತಲ್ಲ ಹಾಗೆ, ಆದ್ರೆ ಇಲ್ಲಿ ಕೆಂಡ ಇಂಧನದ ಒಳಗೇ ಇರೋದ್ರಿಂದ ಎಳೆದು ಹಾಕೋಕಾಗಲ್ಲ. ನಿಂತ ಕ್ಷಣದಲ್ಲಿ ಪೂರ್ತಿ ಶಾಖದ 6-7 ಪರ್ಸೆಂಟ್, ಒಂದು ದಿನ ಕಳೆದ್ರೂ ಅರ್ಧ ಪರ್ಸೆಂಟ್ ಹತ್ರ ಇರುತ್ತೆ. ನೀರು ಹರೀತಾನೇ ಇರ್ಬೇಕು. ಫುಕುಶಿಮಾದಲ್ಲಿ 2011ರಲ್ಲಿ ಭೂಕಂಪ ಆದ ತಕ್ಷಣ ಓಡ್ತಿದ್ದ ರಿಯಾಕ್ಟರೆಲ್ಲ ಸರಿಯಾಗೇ ನಿಂತಿದ್ವು, ಆಮೇಲೆ ಸುನಾಮಿ ನೀರು ಡೀಸೆಲ್ ಜನರೇಟರಿಗೆ ನುಗ್ಗಿ ಪಂಪ್‌ಗಳಿಗೆ ಕರೆಂಟಿಲ್ಲದೆ ಇಂಧನ ಕರಗಿತು, ಹೈಡ್ರೋಜನ್ ಅನಿಲ ತುಂಬ್ಕೊಂಡು ಸಿಡಿದು ಕಟ್ಟಡ ಹಾರಿತು. ಅದು ಬಾಂಬಲ್ಲ, ಆದ್ರೆ ಊರಿಗೆ ಊರೇ ಖಾಲಿಯಾಯ್ತು.

ನಮ್ಮಲ್ಲೂ ಆಗಿದೆ. 1993ರ ಮಾರ್ಚ್ 31, ಉತ್ತರ ಪ್ರದೇಶದ ನರೋರಾ, ಕೈಗಾದ್ದೇ ಜಾತಿಯ ರಿಯಾಕ್ಟರು. ಟರ್ಬೈನಿನ ಬ್ಲೇಡು ಮುರಿದು ಬೆಂಕಿ ಹತ್ತಿ ಕೇಬಲ್ಲೆಲ್ಲ ಸುಟ್ಟು 17 ಗಂಟೆ ಇಡೀ ಘಟಕಕ್ಕೆ ಕರೆಂಟಿಲ್ಲ. ಅಲ್ಲಿದ್ದೋರು ಬೆಂಕಿ ಆರಿಸೋಕೆ ಇಟ್ಟಿದ್ದ ಡೀಸೆಲ್ ಪಂಪ್ ಹಚ್ಚಿ ಆವಿ ಮಾಡೋ ಸ್ಟೀಮ್ ಜನರೇಟರಿಗೆ ನೀರು ಕೊಟ್ರು, ಇನ್ನು ಕೆಲವರು ಟಾರ್ಚ್ ಹಿಡ್ಕೊಂಡು ರಿಯಾಕ್ಟರ್ ಕಟ್ಟಡದ ಮೇಲೆ ಹತ್ತಿ ನ್ಯೂಟ್ರಾನ್ ನುಂಗೋ ಬೋರಾನ್ ದ್ರಾವಣದ ವಾಲ್ವನ್ನ ಕೈಯಲ್ಲೇ ತಿರುಗಿಸಿದ್ರು, ರಿಯಾಕ್ಷನ್ ಮತ್ತೆ ಶುರುವಾಗ್ಬಾರ್ದು ಅಂತ.

ಒಂದು ಗಾಳಿಮಳೆಗೆ ಕಂಬ ಬಿದ್ದು ಮೂರು ದಿನ ಕತ್ತಲಲ್ಲಿ ಕೂರೋ ಊರು ನಮ್ಮದು, ಕರೆಂಟ್ ಹೋದ್ರೆ ಏನು ಗತಿ ಅನ್ನೋ ಪ್ರಶ್ನೆ ನಮಗೇ ಮೊದಲು ಹೊಳೀಬೇಕಿತ್ತು. ದೊಡ್ಡಪ್ಪ, ಮುಂದಿನ ಸಲ ಡೀಸೆಲ್ ಎಷ್ಟು ದಿನಕ್ಕಿಟ್ಟಿರ್ತಾರೆ, ಜನರೇಟರ್ ಎಷ್ಟು ಎತ್ತರದಲ್ಲಿರುತ್ತೆ ಅಂತ ಕೇಳಿ, ಎಲೆ ಬಿಟ್ಟೆದ್ದು ಬಂದು ನಿಮ್ಮ ಪಕ್ಕದಲ್ಲೇ ಕೂತು ಹೇಳ್ತೀನಿ.